ತಾಳಮದ್ದಳೆಯಲ್ಲಿ ಪ್ರಸಂಗ ನಿರ್ವಹಣೆ

ತಾಳಮದ್ದಳೆಯಲ್ಲಿ ಪ್ರಸಂಗ ನಿರ್ವಹಣೆ ಎಂದರೆ ವೇಷಭೂಷಣ ಮತ್ತು ನೃತ್ಯಗಳಿಲ್ಲದೆ ಕುಳಿತಲ್ಲೇ ನಡೆಯುವ ಯಕ್ಷಗಾನ ಕೂಟದಲ್ಲಿ ಕಥೆಯ ಓಟವನ್ನೂ ಮಾತಿನ ಮಿತಿಯನ್ನೂ ಅರ್ಥಧಾರಿಗಳ ನಡುವಣ ವಾದವನ್ನೂ ಹದದಲ್ಲಿ ಇರಿಸಿಕೊಳ್ಳುವ ಕ್ರಮ. ಈ ಹೊಣೆ ಮುಖ್ಯವಾಗಿ ಭಾಗವತರದು. ತಾಳಮದ್ದಳೆಯಲ್ಲಿ ಹಾಡುಗಳು ಮಾತ್ರ ಮೊದಲೇ ರಚಿತವಾಗಿರುತ್ತವೆ. ಮಾತು ಸಂಪೂರ್ಣವಾಗಿ ಆಶುರಚನೆ. ಆದುದರಿಂದ ಯಾರು ಏನು ಹೇಳಬಹುದು, ಎಷ್ಟು ಹೇಳಬಹುದು, ವಾದದಲ್ಲಿ ಗೆದ್ದವನು ಕಥೆಯಲ್ಲಿ ಸೋಲಬೇಕಾಗಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಪ್ರತಿ ಕೂಟದಲ್ಲಿಯೂ ಹೊಸದಾಗಿ ಏಳುತ್ತವೆ. ಇವುಗಳಿಗೆ ಬರೆದಿಟ್ಟ ನಿಯಮಾವಳಿಯಿಲ್ಲ. ಪರಂಪರೆಯಿಂದ ಬಂದ ಒಪ್ಪಂದಗಳು ಮತ್ತು ಭಾಗವತರ ವಿವೇಚನೆ ಇವೆರಡೇ ಆಧಾರ.

ಹಿನ್ನೆಲೆ

ತಾಳಮದ್ದಳೆಯು ಯಕ್ಷಗಾನದ ಒಂದು ಪ್ರಕಾರ. ಬಯಲಾಟದಲ್ಲಿ ಬಳಕೆಯಾಗುವ ಪ್ರಸಂಗಗಳೇ ಇಲ್ಲಿಯೂ ಬಳಕೆಯಾಗುತ್ತವೆ. ಆದರೆ ಬಣ್ಣ, ಕಿರೀಟ, ಕುಣಿತಗಳು ಇರುವುದಿಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡು ಸಮೀಪದ ಸೋಮಸಮುದ್ರದಲ್ಲಿ ದೊರೆತ 1556ರ ಶಾಸನವು ತಾಳಮದ್ದಳೆಯ ಕಲಾವಿದರಿಗೆ ಭೂಮಿಯನ್ನು ದಾನವಿತ್ತುದನ್ನು ತಿಳಿಸುತ್ತದೆ. ಈಗ ಈ ಕಲೆ ಮುಖ್ಯವಾಗಿ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿಯೂ ಕೇರಳದ ಕಾಸರಗೋಡಿನಲ್ಲಿಯೂ ಬಳಕೆಯಲ್ಲಿದೆ.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳು ತೆಂಕುತಿಟ್ಟಿನ ತಾಳಮದ್ದಳೆಯ ಪ್ರಮುಖ ನೆಲೆಗಳು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಈ ಮೂರು ತಾಲೂಕುಗಳು ಒಂದಕ್ಕೊಂದು ತಾಗುವ ಭಾಗದಲ್ಲಿ ಕಾಣಿಯೂರು ಇದೆ. ಈ ಸೀಮೆಯ ಮನೆಮಾತುಗಳು ತುಳು, ಅರೆಭಾಷೆ, ಹವ್ಯಕ ಕನ್ನಡ ಮೊದಲಾದವು. ಆದರೆ ಕನ್ನಡ ಪ್ರಸಂಗದ ಕೂಟದಲ್ಲಿ ಕುಳಿತ ಅರ್ಥಧಾರಿಯ ಮಾತು ಗ್ರಾಂಥಿಕಕ್ಕೆ ಹತ್ತಿರವಾದ, ಇಂಗ್ಲಿಷ್ ಪದಗಳು ನುಸುಳದ ಕನ್ನಡವಾಗಿರಬೇಕೆಂಬುದು ಎಲ್ಲರೂ ಒಪ್ಪಿಕೊಂಡ ಕಟ್ಟಳೆ. ತುಳು ಪ್ರಸಂಗಗಳ ಕೂಟಗಳೂ ನಡೆಯುತ್ತವೆ.

ಯಕ್ಷಗಾನ ಮೇಳಗಳ ತಿರುಗಾಟವು ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮುಗಿಯುತ್ತದೆ. ಬಳಿಕದ ಮಳೆಗಾಲದಲ್ಲಿ ಬಯಲಾಟ ಸಾಧ್ಯವಿಲ್ಲದ ಕಾರಣ ಮನೆಯ ಚಾವಡಿ, ದೇವಸ್ಥಾನದ ಸಭಾಂಗಣ, ಶಾಲೆ ಮತ್ತು ಭಜನಾ ಮಂದಿರಗಳಲ್ಲಿ ತಾಳಮದ್ದಳೆ ನಡೆಸುವುದು ವಾಡಿಕೆ. ಈಚಿನ ದಶಕಗಳಲ್ಲಿ ವರ್ಷವಿಡೀ ಕೂಟಗಳು ನಡೆಯುತ್ತಿವೆ.

ಕೂಟದ ರಚನೆ

ತಾಳಮದ್ದಳೆಯ ಒಂದು ಪ್ರದರ್ಶನವನ್ನು ಕೂಟ ಎನ್ನುತ್ತಾರೆ. ಅದರಲ್ಲಿ ಎರಡು ಭಾಗಗಳಿವೆ.

ಹಿಮ್ಮೇಳ: ಭಾಗವತರು ಪ್ರಸಂಗದ ಪದ್ಯಗಳನ್ನು ಹಾಡುತ್ತಾರೆ. ಮದ್ದಳೆ, ಚೆಂಡೆ, ಚಕ್ರತಾಳ ಮತ್ತು ಶ್ರುತಿಯವರು ಜೊತೆಗಿರುತ್ತಾರೆ. ತೆಂಕುತಿಟ್ಟಿನಲ್ಲಿ ಭಾಗವತರ ಕೈಯಲ್ಲಿ ಜಾಗಟೆ ಇರುತ್ತದೆ.

ಮುಮ್ಮೇಳ: ಪಾತ್ರಗಳನ್ನು ವಹಿಸಿ ಮಾತನಾಡುವವರು ಅರ್ಥಧಾರಿಗಳು. ಹಾಡಿದ ಪದ್ಯಕ್ಕೆ ಪಾತ್ರದ ಬಾಯಿಂದ ಅರ್ಥ ಹೇಳುವುದು ಇವರ ಕೆಲಸ. ಪಾತ್ರವು ಮೊದಲ ಬಾರಿಗೆ ಮಾತನಾಡುವಾಗ ತನ್ನ ಹಿನ್ನೆಲೆ, ಮನಃಸ್ಥಿತಿ ಮತ್ತು ನಿಲುವನ್ನು ವಿವರಿಸುವ ಭಾಗಕ್ಕೆ ಪೀಠಿಕೆ ಎಂದು ಹೆಸರು. ಅನಂತರ ಇದಿರು ಪಾತ್ರದೊಂದಿಗೆ ಸಂವಾದ ನಡೆಯುತ್ತದೆ.

ಪದ್ಯವು ಕೆಲವೇ ಸಾಲುಗಳದ್ದಾಗಿದ್ದರೂ ಅದಕ್ಕೆ ಹೇಳುವ ಅರ್ಥ ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗೂ ವಿಸ್ತರಿಸಬಹುದು. ಸಾಮಾನ್ಯವಾಗಿ ಪೂರ್ವಾಭ್ಯಾಸ ಇರುವುದಿಲ್ಲ. ಬೇರೆ ಬೇರೆ ಊರುಗಳಿಂದ ಬಂದ ಅರ್ಥಧಾರಿಗಳು ಕೂಟದ ಸ್ಥಳದಲ್ಲೇ ಭೇಟಿಯಾಗುವುದೂ ಉಂಟು.

ಭಾಗವತರ ಸ್ಥಾನ

ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೆಯ ವೇಷ ಎಂದು ಕರೆಯುವ ರೂಢಿಯಿದೆ. ಗಾಯಕರಾಗಿರುವುದರ ಜೊತೆಗೆ ಅವರೇ ನಿರ್ದೇಶಕರು ಎಂಬುದು ಈ ಮಾತಿನ ತಾತ್ಪರ್ಯ. ಕಥೆಯಲ್ಲಿ ಯಾವುದರ ಬಳಿಕ ಯಾವುದು ಬರಬೇಕು, ಯಾವ ಪದ್ಯವನ್ನು ಯಾವ ರಾಗ ಮತ್ತು ಕಾಲದಲ್ಲಿ ಹಾಡಬೇಕು, ಯಾವುದನ್ನು ಬಿಡಬಹುದು ಎಂಬ ಅರಿವನ್ನು ಪ್ರಸಂಗದ ನಡೆ ಎನ್ನುತ್ತಾರೆ. ನಡೆ ಬಲ್ಲ ಭಾಗವತರಿಗೆ ಕಂಠಶ್ರೀ ಇರುವವರಿಗಿಂತಲೂ ಹೆಚ್ಚಿನ ಗೌರವ ಸಲ್ಲುವುದುಂಟು.

ತಾಳಮದ್ದಳೆಯಲ್ಲಿ ಭಾಗವತರು ತಮ್ಮ ತೀರ್ಮಾನವನ್ನು ಮಾತಿನಲ್ಲಿ ಹೇಳುವುದಿಲ್ಲ. ಅರ್ಥಧಾರಿಯನ್ನು ತಡೆದು ತಿದ್ದುವುದು ಕೂಟದ ರಸವನ್ನು ಕೆಡಿಸುತ್ತದೆ. ಅವರ ಕೈಯಲ್ಲಿರುವ ಸಾಧನ ಮುಂದಿನ ಪದ್ಯ. ಒಂದು ವಾದ ಸಾಕಾಯಿತು ಎಂದು ಕಂಡಾಗ ಅವರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಪದ್ಯ ಆರಂಭವಾದ ಮೇಲೆ ಹಿಂದಿನ ವಾದ ಮುಗಿದಂತೆಯೇ. ಮಾತು ಬೆಳೆಯಬೇಕಾದ ಸನ್ನಿವೇಶದಲ್ಲಿ ಅವರು ಸುಮ್ಮನಿದ್ದು ಅವಕಾಶ ಕೊಡುತ್ತಾರೆ. ಹೀಗೆ ಹಾಡುವುದೂ ಹಾಡದಿರುವುದೂ ನಿರ್ವಹಣೆಯ ಭಾಗಗಳೇ.

ಅರ್ಥಧಾರಿಯ ಕಡೆಯಿಂದಲೂ ಒಂದು ಹೊಣೆಯಿದೆ. ತನ್ನ ಮಾತನ್ನು ಮುಗಿಸುವಾಗ ಮುಂದಿನ ಪದ್ಯಕ್ಕೆ ದಾರಿ ಮಾಡಿಕೊಡಬೇಕು. ಇದಕ್ಕೆ ಎತ್ತುಗಡೆ ಎಂಬ ಹೆಸರಿದೆ. ಎತ್ತುಗಡೆ ಸರಿಯಾಗಿದ್ದರೆ ಮಾತು ಮತ್ತು ಹಾಡಿನ ನಡುವೆ ಬಿರುಕು ಕಾಣಿಸುವುದಿಲ್ಲ.

ಸಿದ್ಧತೆ

ಕೂಟಕ್ಕೆ ಮೊದಲು ಮೂರು ವಿಷಯಗಳು ನಿಶ್ಚಯವಾಗುತ್ತವೆ: ಪ್ರಸಂಗ, ಪಾತ್ರ ಹಂಚಿಕೆ ಮತ್ತು ಅವಧಿ. ಪ್ರಸಂಗವನ್ನು ಆಯುವಾಗ ಅದರಲ್ಲಿ ವಾದಕ್ಕೆ ಎಡೆಯಿದೆಯೇ ಎಂದು ನೋಡುತ್ತಾರೆ. ಯುದ್ಧದ ಆರ್ಭಟವೇ ಮುಖ್ಯವಾದ ಪ್ರಸಂಗಗಳು ಬಯಲಾಟದಲ್ಲಿ ರಂಜಿಸಿದರೂ ತಾಳಮದ್ದಳೆಯಲ್ಲಿ ಸಪ್ಪೆಯಾಗಬಹುದು. ದೇವಿದಾಸ ಕವಿಯ ಕೃಷ್ಣಸಂಧಾನ, ವಾಲಿವಧೆ, ಕರ್ಣಭೇದನ, ಭೀಷ್ಮವಿಜಯ, ಸುಧನ್ವಾರ್ಜುನ ಮೊದಲಾದವು ಮಾತಿನ ಬಲದಿಂದಲೇ ಜನಪ್ರಿಯವಾಗಿವೆ.

ಪಾತ್ರ ಹಂಚಿಕೆಯಲ್ಲಿ ಸಮತೋಲ ಮುಖ್ಯ. ಒಂದು ಕಡೆ ನುರಿತ ಕೌರವ, ಇನ್ನೊಂದು ಕಡೆ ಹೊಸಬ ಕೃಷ್ಣ ಕುಳಿತರೆ ಸಂಧಾನದ ನೈತಿಕ ತೂಕವೇ ತಲೆಕೆಳಗಾಗುತ್ತದೆ. ವಿದುರ, ಸಹದೇವ, ತಾರೆ ಮುಂತಾದ ಸಣ್ಣ ಪಾತ್ರಗಳನ್ನು ಕಲಿಯುವವರಿಗೆ ಕೊಡುವ ಪದ್ಧತಿಯಿದೆ. ಆದರೆ ಮುಖ್ಯ ಪಾತ್ರಗಳು ಅವರ ಸಮಯವನ್ನು ನುಂಗದಂತೆ ನೋಡಿಕೊಳ್ಳಬೇಕಾಗುತ್ತದೆ.

ಅವಧಿ ಗೊತ್ತಾದ ಮೇಲೆ ಭಾಗವತರು ಪ್ರಸಂಗದ ಪುಸ್ತಕದಿಂದ ಪದ್ಯಗಳನ್ನು ಆರಿಸಿಕೊಳ್ಳುತ್ತಾರೆ. ರಾತ್ರಿಯಿಡೀ ನಡೆಯಬಲ್ಲ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಕಥೆಯ ಸಂಧಿಗಳು ಮುರಿಯದಂತೆ ಪದ್ಯ ಬಿಡುವುದು ಸುಲಭದ ಕೆಲಸವಲ್ಲ. ಯಾವ ಪದ್ಯಗಳಿವೆ, ಯಾವುವು ಇಲ್ಲ ಎಂಬುದನ್ನು ಅರ್ಥಧಾರಿಗಳಿಗೆ ಮೊದಲೇ ತಿಳಿಸುವುದು ಉತ್ತಮ ಕ್ರಮ.

ನಿಯಮದ ಪ್ರಶ್ನೆಗಳು

ಪ್ರಮಾಣ ಯಾವುದು: ಒಂದೇ ಕಥೆ ವ್ಯಾಸಭಾರತ, ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಮತ್ತು ಪ್ರಸಂಗಗಳಲ್ಲಿ ಬೇರೆ ಬೇರೆಯಾಗಿರುತ್ತದೆ. ಕೂಟದಲ್ಲಿ ಹಾಡಿದ ಪದ್ಯವೇ ಅಂತಿಮ ಪ್ರಮಾಣ ಎಂಬುದು ಸಾಮಾನ್ಯ ಒಪ್ಪಂದ. ಉದಾಹರಣೆಗೆ, ಕುದಿಯುವ ಎಣ್ಣೆಯ ಕೊಪ್ಪರಿಗೆಯಿಂದ ಪಾರಾಗಿ ಬಂದು ಅರ್ಜುನನನ್ನು ಎದುರಿಸುವ ಸುಧನ್ವನ ಕಥೆ ಜೈಮಿನಿ ಭಾರತದ್ದು. ವ್ಯಾಸಭಾರತದ ಅಶ್ವಮೇಧ ಪರ್ವದಲ್ಲಿ ಅದಿಲ್ಲ. ಆ ಕಾರಣಕ್ಕಾಗಿ ಅರ್ಜುನನ ಅರ್ಥಧಾರಿಯು ಸುಧನ್ವನ ಅಸ್ತಿತ್ವವನ್ನೇ ಪ್ರಶ್ನಿಸುವಂತಿಲ್ಲ. ಪದ್ಯಕ್ಕೆ ವಿರುದ್ಧವಾಗದ ಮಟ್ಟಿಗೆ ಇತರ ಗ್ರಂಥಗಳಿಂದ ಪೋಷಣೆ ತರಬಹುದು.

ಪಾತ್ರಕ್ಕೆ ಏನು ಗೊತ್ತು: ಅರ್ಥಧಾರಿಗೆ ಇಡೀ ಕಥೆ ಗೊತ್ತಿರುತ್ತದೆ, ಪಾತ್ರಕ್ಕೆ ಗೊತ್ತಿರುವುದಿಲ್ಲ. ಕರ್ಣಾರ್ಜುನರ ಕಾಳಗದಲ್ಲಿ ಕರ್ಣನು ತನ್ನ ಅಣ್ಣನೆಂಬ ಸತ್ಯ ಅರ್ಜುನನಿಗೆ ತಿಳಿದಿಲ್ಲ. ಅವನ ಮನಸ್ಸಿನಲ್ಲಿ ಕಾರಣ ತಿಳಿಯದ ಅಳುಕನ್ನು ಸೂಚಿಸಬಹುದೇ ಹೊರತು ಸಂಬಂಧವನ್ನು ಆಡಿ ತೋರಿಸಬಾರದು. ಸಭೆಗೆ ತಿಳಿದಿರುವ ವಿಷಯ ಪಾತ್ರಕ್ಕೆ ತಿಳಿಯದಿರುವುದರಲ್ಲಿಯೇ ಆ ಸನ್ನಿವೇಶದ ಶೋಕವಿದೆ. ಈ ಗೆರೆ ದಾಟಿದರೆ ವಾದದಲ್ಲಿ ಒಂದು ಅಂಕ ಸಿಗಬಹುದು, ಪ್ರಸಂಗ ಮಾತ್ರ ಕುಸಿಯುತ್ತದೆ.

ಕಾಲದ ಔಚಿತ್ಯ: ಪುರಾಣದ ಪಾತ್ರಗಳು ಇಂದಿನ ಚುನಾವಣೆ, ನ್ಯಾಯಾಲಯ, ವಾಹನಗಳನ್ನು ಹೆಸರಿಸಬಾರದು. ಆದರೆ ಅಧಿಕಾರ, ದಾಯಭಾಗ, ಪ್ರಜೆಗಳ ಕಷ್ಟ ಮುಂತಾದ ಇಂದಿಗೂ ಅನ್ವಯವಾಗುವ ವಿಚಾರಗಳನ್ನು ಪಾತ್ರದ ಪರಿಭಾಷೆಯಲ್ಲಿಯೇ ಹೇಳಬಹುದು. ಹಾಸ್ಯ ಪಾತ್ರಗಳಿಗೆ ಸ್ವಲ್ಪ ಸಡಿಲಿಕೆ ಇದೆ.

ವ್ಯಕ್ತಿ ಮತ್ತು ಪಾತ್ರ: ಇದಿರು ಅರ್ಥಧಾರಿಯ ವೃತ್ತಿ, ಊರು, ಜಾತಿ, ವಯಸ್ಸು ಅಥವಾ ಅಂಗವಿಕಲತೆಯನ್ನು ಶ್ಲೇಷೆಯಲ್ಲಿಯೂ ಚುಚ್ಚಬಾರದು. ಕೌರವನು ಭೀಮನನ್ನು ಹಳಿಯಬಹುದು. ಭೀಮನ ಅರ್ಥ ಹೇಳುವವರನ್ನು ಹಳಿಯುವಂತಿಲ್ಲ. ಕೂಟಗಳು ಕಹಿಯಾಗಿ ಮುಗಿಯುವ ಸಂದರ್ಭಗಳಲ್ಲಿ ಹೆಚ್ಚಿನವು ಈ ನಿಯಮ ಮುರಿದುದರಿಂದ ಹುಟ್ಟಿದವು.

ಪ್ರಶ್ನೆಗೆ ಉತ್ತರ: ಇದಿರು ಪಾತ್ರ ಕೇಳಿದ ಪ್ರಶ್ನೆಗೆ ಉತ್ತರಿಸದೆ ತನ್ನ ಸಿದ್ಧ ಭಾಷಣವನ್ನು ಒಪ್ಪಿಸುವುದು ದೋಷವೆನಿಸುತ್ತದೆ. ಹಾಗೆಯೇ, ಕಥೆಗೆ ಸಂಬಂಧಿಸದ ಶಾಸ್ತ್ರದ ತೊಡಕನ್ನು ಒಡ್ಡಿ ಇದಿರಿನವರನ್ನು ಕಟ್ಟಿಹಾಕುವುದೂ ದೋಷ.

ಸೋಲು ಮತ್ತು ಗೆಲುವು

ಪ್ರಸಂಗದ ಫಲಿತಾಂಶ ಮೊದಲೇ ನಿಶ್ಚಿತವಾಗಿರುವುದು ತಾಳಮದ್ದಳೆಯ ಅತ್ಯಂತ ಕಠಿಣ ನಿಯಮ. ಕೃಷ್ಣನ ಮಾತಿಗೆ ಮನಸೋತು ಕೌರವನು ಐದು ಗ್ರಾಮಗಳನ್ನು ಕೊಡಲು ಒಪ್ಪಿದರೆ ಕುರುಕ್ಷೇತ್ರವೇ ನಡೆಯುವುದಿಲ್ಲ. ಆದ್ದರಿಂದ ಕೃಷ್ಣನ ವಾದ ಎಷ್ಟೇ ಪ್ರಬಲವಾಗಿದ್ದರೂ ಕೌರವನು ನಿರಾಕರಿಸಲೇಬೇಕು. ಹಾಗೆ ನಿರಾಕರಿಸುವುದು ಮೂರ್ಖತನವಾಗಿ ಕಾಣದಂತೆ ಕಾರಣವನ್ನೂ ಕಟ್ಟಿಕೊಡಬೇಕು. ಎಂ. ಪ್ರಭಾಕರ ಜೋಷಿ ಅವರು ಕೃಷ್ಣಸಂಧಾನ ಪ್ರಸಂಗ ಮತ್ತು ಅದರ ಪ್ರಯೋಗವನ್ನೇ ತಮ್ಮ ಸಂಶೋಧನೆಯ ವಸ್ತುವಾಗಿಸಿಕೊಂಡಿದ್ದಾರೆ.

ವಾಲಿವಧೆಯಲ್ಲಿ ಈ ಇಕ್ಕಟ್ಟು ಇನ್ನೂ ಸ್ಪಷ್ಟ. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿಯು, ತನ್ನೊಡನೆ ಹಗೆಯಿಲ್ಲದವನು ಬೇರೊಬ್ಬನೊಡನೆ ಹೋರಾಡುತ್ತಿದ್ದ ತನ್ನನ್ನು ಏಕೆ ಕೊಂದನೆಂದು ರಾಮನನ್ನು ಕೇಳುತ್ತಾನೆ. ತನ್ನಲ್ಲಿ ಕೇಳಿದ್ದರೆ ಸೀತೆಯನ್ನು ತಾನೇ ತಂದೊಪ್ಪಿಸುತ್ತಿದ್ದೆನಲ್ಲವೇ ಎನ್ನುತ್ತಾನೆ. ರಾಮನ ಕಡೆಯಲ್ಲಿ ತಮ್ಮನ ಹೆಂಡತಿ ರುಮೆಯನ್ನು ಅಪಹರಿಸಿದ ಅಪರಾಧ, ಭೂಮಿಯ ಮೇಲೆ ಇಕ್ಷ್ವಾಕುಗಳಿಗಿರುವ ದಂಡನಾಧಿಕಾರ, ಸುಗ್ರೀವನಿಗೆ ಕೊಟ್ಟ ಮಾತು ಮುಂತಾದ ಉತ್ತರಗಳಿವೆ. ಸಭೆಯ ಸಹಾನುಭೂತಿ ಹೆಚ್ಚಾಗಿ ವಾಲಿಯ ಕಡೆಗೇ ಇರುತ್ತದೆ. ಸಮರ್ಥ ಅರ್ಥಧಾರಿಯು ವಾಲಿಯ ಪ್ರಶ್ನೆಗಳನ್ನು ಪೂರ್ಣ ಬಲದಿಂದ ಎತ್ತುತ್ತಾನೆ. ಆದರೆ ಕೊನೆಗೆ ವಾಲಿ ಮಣಿದು, ಅಂಗದನನ್ನು ಒಪ್ಪಿಸಿ ಪ್ರಾಣ ಬಿಡಬೇಕು. ಈ ತಿರುವನ್ನು ಸಹಜಗೊಳಿಸುವುದು ಅರ್ಥಧಾರಿಯ ಕೌಶಲ. ಅದಕ್ಕೆ ಬೇಕಾದ ಹೊತ್ತನ್ನು ಗುರುತಿಸಿ, ವಾದ ಹಟವಾಗುವ ಮೊದಲೇ ಶರಣಾಗತಿಯ ಪದ್ಯವನ್ನು ನಿಧಾನಗತಿಯಲ್ಲಿ ಎತ್ತುವುದು ಭಾಗವತರ ಕೌಶಲ. ಪದ್ಯ ಬೇಗ ಬಂದರೆ ವಾಲಿಯ ಪ್ರಶ್ನೆಗಳು ಅನಾಥವಾಗುತ್ತವೆ. ತಡವಾದರೆ ಶರಣಾಗತಿ ನಂಬಲಾಗದಂತಾಗುತ್ತದೆ.

ಪ್ರತಿನಾಯಕ ಪಾತ್ರಗಳಿಗೆ ಇಂಥ ವೈಚಾರಿಕ ಘನತೆಯನ್ನು ತಂದವರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ (1918–2006) ಪ್ರಮುಖರು. ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಆಡುಮಾತಿಗೆ ಹತ್ತಿರವಾದ, ಚಿಕ್ಕ ವಾಕ್ಯಗಳ ಅರ್ಥಗಾರಿಕೆಗೆ ಹೆಸರಾಗಿದ್ದರು. ಅವರ ಕುರುಕ್ಷೇತ್ರಕ್ಕೊಂದು ಆಯೋಗ ಎಂಬ ಕೃತಿಯೂ ಪ್ರಸಿದ್ಧವಾಗಿದೆ.

ಸರಣಿ ಕೂಟಗಳು

ಒಂದೇ ಕಥಾವಸ್ತುವನ್ನು ಹಲವು ದಿನಗಳಲ್ಲಿ ಹಂಚಿ ನಡೆಸುವ ತಾಳಮದ್ದಳೆ ಸಪ್ತಾಹಗಳೂ ವಾರಕ್ಕೊಮ್ಮೆ ನಡೆಯುವ ಸಂಘಗಳ ಕೂಟಗಳೂ ಇವೆ. ಇಲ್ಲಿ ನಿರ್ವಹಣೆಯ ಹೊರೆ ಹೆಚ್ಚು. ಮೊದಲ ದಿನದ ಕೌರವನನ್ನು ಒಬ್ಬರು, ಮೂರನೆಯ ದಿನದ ಕೌರವನನ್ನು ಇನ್ನೊಬ್ಬರು ವಹಿಸುವಾಗ ಪಾತ್ರದ ಸ್ವಭಾವದಲ್ಲಿ ಹಠಾತ್ ಬದಲಾವಣೆ ಕಾಣದಂತೆ ನೋಡಬೇಕು. ಹಿಂದಿನ ದಿನದ ಕಥೆಯನ್ನು ತಪ್ಪಿಸಿಕೊಂಡ ಕೇಳುಗರಿಗೂ ಎಳೆ ಸಿಗಬೇಕು. ಇದನ್ನು ಮರುದಿನದ ಪೀಠಿಕೆ ನೆರವೇರಿಸುತ್ತದೆ. ಅರ್ಥಧಾರಿಯು ತನ್ನ ಪಾತ್ರದ ನೆನಪಿನ ರೂಪದಲ್ಲಿ ಹಿಂದಿನ ಘಟನೆಗಳನ್ನು ಸಂಗ್ರಹವಾಗಿ ಹೇಳುತ್ತಾನೆ. ಮುಂದೆ ಬರಲಿರುವ ಪ್ರಸಂಗದ ವಾದಗಳನ್ನು ಇಂದೇ ಖರ್ಚುಮಾಡಿಬಿಡದಿರುವುದು ಸರಣಿ ಕೂಟಗಳ ಇನ್ನೊಂದು ಶಿಸ್ತು.

ಮೇಜಿನ ಪಾತ್ರಧಾರಣೆಯ ಆಟಗಳೊಂದಿಗೆ ಹೋಲಿಕೆ

ಕುಳಿತಲ್ಲೇ ಪಾತ್ರವಹಿಸಿ ಆಶುವಾಗಿ ಮಾತನಾಡುವ ಇನ್ನೊಂದು ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಆಟವಾಗಿ ಬೆಳೆದಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದರ ಮೊದಲ ಪ್ರಸಿದ್ಧ ಮಾದರಿ. ಆಟಗಾರರು ತಲಾ ಒಂದು ಪಾತ್ರ ವಹಿಸುತ್ತಾರೆ. ಗೇಮ್ ಮಾಸ್ಟರ್ ಎಂಬ ನಿರ್ವಾಹಕರು ಕಥಾಲೋಕವನ್ನು ವಿವರಿಸುತ್ತಾರೆ, ಉಳಿದ ಪಾತ್ರಗಳನ್ನು ತಾವೇ ಆಡುತ್ತಾರೆ ಮತ್ತು ನಿಯಮದ ಪ್ರಶ್ನೆಗಳನ್ನು ತೀರ್ಮಾನಿಸುತ್ತಾರೆ. ಹಲವು ಬೈಠಕ್‌ಗಳಲ್ಲಿ ಮುಂದುವರಿಯುವ ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ.

ತಾಳಮದ್ದಳೆಗೂ ಈ ಆಟಗಳಿಗೂ ಐತಿಹಾಸಿಕ ಸಂಬಂಧವಿಲ್ಲ. ಆದರೆ ನಿರ್ವಹಣೆಯ ಪ್ರಶ್ನೆಗಳು ಹತ್ತಿರದವು. ಪಾತ್ರಕ್ಕೆ ತಿಳಿಯದ ವಿಷಯವನ್ನು ಆಟಗಾರ ಬಳಸಿಕೊಳ್ಳುವುದು ಅಲ್ಲಿಯೂ ದೋಷ. ಮಾತುಗಾರನೊಬ್ಬ ಉಳಿದವರ ಸರದಿಯನ್ನು ಕಬಳಿಸುವುದು ಅಲ್ಲಿಯೂ ಸಮಸ್ಯೆ. ಬರೆದ ನಿಯಮ ಮೇಲೋ ನಿರ್ವಾಹಕರ ವಿವೇಚನೆ ಮೇಲೋ ಎಂಬ ಚರ್ಚೆ ಈ ಆಟಗಳಿಗಿಂತಲೂ ಹಳೆಯದು. ಪ್ರಷ್ಯಾದ ಸೈನ್ಯದಲ್ಲಿ 1824ರಿಂದ ಬಳಕೆಗೆ ಬಂದ ಕ್ರೀಗ್ಸ್‌ಷ್ಪೀಲ್ ಎಂಬ ಯುದ್ಧಾಭ್ಯಾಸದ ಆಟದಲ್ಲಿ ವಿವರವಾದ ನಿಯಮಗಳೂ ದಾಳಗಳೂ ಇದ್ದವು. ಅವುಗಳ ತೊಡಕನ್ನು ಬಿಟ್ಟು ಅನುಭವಿ ನಿರ್ಣಾಯಕರ ವಿವೇಚನೆಗೆ ಪ್ರಾಧಾನ್ಯ ಕೊಡುವ ಕ್ರಮವನ್ನು ಫೊನ್ ವೆರ್ಡಿ 1876ರಲ್ಲಿ ಮಂಡಿಸಿದರು. ಭಾಗವತರ ಪದ್ಧತಿ ಈ ಎರಡನೆಯ ಬಗೆಗೆ ಸಮೀಪವಾದುದು.

ಮುಖ್ಯ ವ್ಯತ್ಯಾಸ ಫಲಿತಾಂಶಕ್ಕೆ ಸಂಬಂಧಿಸಿದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇಪ್ಪತ್ತು ಮುಖಗಳ ದಾಳ ಉರುಳುವವರೆಗೆ ಯಾರು ಗೆಲ್ಲುವರೆಂದು ತಿಳಿಯದು. ತಾಳಮದ್ದಳೆಯಲ್ಲಿ ಅದು ಸಭೆಯಲ್ಲಿರುವ ಎಲ್ಲರಿಗೂ ತಿಳಿದಿರುತ್ತದೆ. ಕುತೂಹಲ ಉಳಿಯುವುದು ಪಾತ್ರವು ಆ ಅಂತ್ಯವನ್ನು ಯಾವ ಮಾತಿನ ದಾರಿಯಿಂದ ತಲಪುತ್ತದೆ ಎಂಬುದರಲ್ಲಿ. ಅಲ್ಲದೆ ತಾಳಮದ್ದಳೆಗೆ ಕೇಳುಗರಿದ್ದಾರೆ. ಮೇಜಿನ ಆಟಗಳು ಸಾಮಾನ್ಯವಾಗಿ ಆಡುವವರಿಗಾಗಿಯೇ ನಡೆಯುತ್ತವೆ.

ಕಲಿಕೆ

ಪ್ರಸಂಗ ನಿರ್ವಹಣೆಯನ್ನು ಪುಸ್ತಕದಿಂದ ಕಲಿಯುವುದು ಕಡಿಮೆ. ಹಿರಿಯ ಭಾಗವತರ ಬಳಿ ಕುಳಿತು, ಚಕ್ರತಾಳ ಹಿಡಿದು, ಅವರು ಯಾವ ಹೊತ್ತಿಗೆ ಪದ್ಯ ಎತ್ತುತ್ತಾರೆಂದು ಗಮನಿಸುವುದೇ ಶಿಕ್ಷಣ. ನೂರಾರು ಪದ್ಯಗಳನ್ನು ಕಂಠಸ್ಥ ಮಾಡಿಕೊಳ್ಳುವುದು ಇದರ ಭಾಗ. ಪುಸ್ತಕದ ಹಾಳೆ ಮಗುಚುವಷ್ಟರಲ್ಲಿ ಎತ್ತುಗಡೆಯ ಕ್ಷಣ ಜಾರಿಹೋಗಬಹುದು. ಬಲಿಪ ನಾರಾಯಣ ಭಾಗವತರು (1938–2023) ಪ್ರಸಂಗಗಳ ನೆನಪಿಗೂ ನಡೆಯ ಜ್ಞಾನಕ್ಕೂ ಹೆಸರಾಗಿದ್ದರು. ಸುಳ್ಯ ತಾಲೂಕಿನ ಕಲ್ಮಡ್ಕದಲ್ಲಿ ನೆಲೆಸಿದ್ದ ಪದ್ಯಾಣ ಗಣಪತಿ ಭಟ್ (1955–2021) ತೆಂಕುತಿಟ್ಟಿನ ಇನ್ನೊಬ್ಬ ಪ್ರಸಿದ್ಧ ಭಾಗವತರು.

ಅರ್ಥಧಾರಿಗಳಿಗೆ ಊರಿನ ಸಂಘಗಳ ಕೂಟಗಳೇ ಪಾಠಶಾಲೆ. ಪುತ್ತೂರಿನ ಬೊಳುವಾರಿನ ಶ್ರೀ ಆಂಜನೇಯ ಯಕ್ಷಗಾನ ಕಲಾ ಸಂಘ, ಕೀರಿಕ್ಕಾಡು ವಿಷ್ಣು ಭಟ್ಟರು ಬೆಳೆಸಿದ ದೇಲಂಪಾಡಿ ಬನಾರಿಯ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘ ಮೊದಲಾದವು ಈ ಪ್ರದೇಶದ ಪ್ರಸಿದ್ಧ ಸಂಘಗಳು. ಸಂಘದ ಕೂಟದಲ್ಲಿ ಕೃಷಿಕರು, ಅಧ್ಯಾಪಕರು, ವ್ಯಾಪಾರಿಗಳು ಮತ್ತು ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ಕುಳಿತು ಅರ್ಥ ಹೇಳುತ್ತಾರೆ. ಮಹಿಳಾ ತಂಡಗಳೂ ಸಕ್ರಿಯವಾಗಿವೆ.

ಬದಲಾವಣೆಗಳು ಮತ್ತು ಚರ್ಚೆ

ಹಿಂದೆ ರಾತ್ರಿಯಿಡೀ ನಡೆಯುತ್ತಿದ್ದ ಕೂಟಗಳು ಈಗ ಹೆಚ್ಚಾಗಿ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತವೆ. ಅವಧಿ ಕುಗ್ಗಿದರೂ ಪಾತ್ರಗಳ ಸಂಖ್ಯೆ ಮತ್ತು ಪ್ರಸಿದ್ಧ ಅರ್ಥಧಾರಿಗಳ ಪೀಠಿಕೆಯ ಉದ್ದ ಅದೇ ಪ್ರಮಾಣದಲ್ಲಿ ಕುಗ್ಗಿಲ್ಲ. ಇದರಿಂದ ಕೊನೆಯಲ್ಲಿ ಬರುವ ಪಾತ್ರಗಳಿಗೆ, ಸಾಮಾನ್ಯವಾಗಿ ಕಿರಿಯರಿಗೆ, ಮಾತಿನ ಸಮಯವೇ ಉಳಿಯದಂತಾಗುತ್ತದೆ. ಕಿರಿಯರು ಬೆಳೆಯುವುದು ಇಂಥ ಪಾತ್ರಗಳಿಂದಲೇ ಆದುದರಿಂದ ಇದು ಒಂದು ಕೂಟದ ಕೊರತೆಯಾಗಿ ಉಳಿಯದೆ ಮುಂದಿನ ತಲೆಮಾರಿನ ಅರ್ಥಗಾರಿಕೆಯನ್ನೂ ತಟ್ಟುತ್ತದೆ.

ಕಾರ್ಯಕ್ರಮಗಳ ಪ್ರಚಾರದಲ್ಲಿ ಅರ್ಥಧಾರಿಗಳ ಹೆಸರಿಗೆ ಹೆಚ್ಚು ಪ್ರಾಧಾನ್ಯ ದೊರೆತಂತೆ ಭಾಗವತರ ನಿರ್ದೇಶನಾಧಿಕಾರ ಸಡಿಲವಾಗಿದೆ ಎಂಬ ಅಭಿಪ್ರಾಯವಿದೆ. ಖ್ಯಾತ ಅರ್ಥಧಾರಿಯೊಬ್ಬರ ಮಾತಿನ ನಡುವೆ ಕಿರಿಯ ಭಾಗವತರು ಪದ್ಯ ಎತ್ತಲು ಹಿಂಜರಿಯುವುದು ಸಹಜ. ಭಾಗವತರು ಸಂವಾದ ಕಾವೇರುವ ಮೊದಲೇ ಹಾಡಿನ ಆಲಾಪನೆಗೆ ಆತುರಪಟ್ಟು ಅರ್ಥದ ಎಳೆಯನ್ನು ಕಡಿಯುವುದೂ ಟೀಕೆಗೆ ಒಳಗಾಗಿದೆ. ಎರಡೂ ಕಡೆಯ ದೂರುಗಳ ಮೂಲದಲ್ಲಿರುವುದು ಒಂದೇ ನಂಬಿಕೆ: ಅರ್ಥಧಾರಿಯ ಸ್ವಾತಂತ್ರ್ಯ ಪದ್ಯದ ಚೌಕಟ್ಟಿನೊಳಗಿನದು, ಆ ಚೌಕಟ್ಟನ್ನು ಕಾಯುವವರು ಭಾಗವತರು.

2020ರ ಕೊರೋನಾ ನಿರ್ಬಂಧಗಳ ಅವಧಿಯಲ್ಲಿ ಸಭಿಕರಿಲ್ಲದ ಕೂಟಗಳು ಅಂತರಜಾಲದ ಮೂಲಕ ನೇರಪ್ರಸಾರವಾದವು. ಹೀಗೆ ಧ್ವನಿಮುದ್ರಣ ಮತ್ತು ದೃಶ್ಯಮುದ್ರಣಗಳಲ್ಲಿ ಉಳಿದ ಕೂಟಗಳು ಈಗ ಕಲಿಯುವವರಿಗೆ ಆಕರಗಳಾಗಿವೆ. ಒಂದೇ ಪ್ರಸಂಗವನ್ನು ಬೇರೆ ಬೇರೆ ಭಾಗವತರು ಹೇಗೆ ನಡೆಸಿದರು, ಯಾವ ಪದ್ಯವನ್ನು ಬಿಟ್ಟರು, ಯಾವ ವಾದವನ್ನು ಎಲ್ಲಿಗೆ ನಿಲ್ಲಿಸಿದರು ಎಂಬುದನ್ನು ಇವುಗಳಿಂದ ಹೋಲಿಸಿ ನೋಡಲು ಸಾಧ್ಯವಾಗಿದೆ.